ಏಳು ತಿಂಗಳಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ ಫ್ರಿಜ್, ಬದಲಿ ಕೇಳಬಹುದಾ?

ಹಾಸನದವಳು
ನಮಸ್ಕಾರ. ಯುಗಾದಿಗೆ 28 ಸಾವಿರ ಕೊಟ್ಟು ಫ್ರಿಜ್ ತಗೊಂಡೆವು. ದೀಪಾವಳಿ ಬರುವಷ್ಟರಲ್ಲಿ ಮೂರು ಸಲ ಕೆಟ್ಟಿದೆ. ಪ್ರತಿ ಸಲವೂ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಹೋಗುತ್ತಾರೆ, ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಮೊನ್ನೆ ರಾತ್ರಿ ಒಳಗಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಕ್ಕಿ ಕೆಳಗಿನ ತರಕಾರಿ ಡಬ್ಬಕ್ಕೆಲ್ಲ ಸುರಿದಿತ್ತು. ಅಮ್ಮನ ಇನ್ಸುಲಿನ್ ಈಗ ಪಕ್ಕದ ಮನೆಯ ಫ್ರಿಜ್‌ನಲ್ಲಿದೆ, ದಿನಾ ಹೋಗಿ ಕೇಳೋದಕ್ಕೆ ಸಂಕಟ ಆಗುತ್ತದೆ. ಅಂಗಡಿಯವರು ಕಂಪನಿಗೆ ಹೇಳಿ ಅಂತಾರೆ. ಕಂಪನಿಯವರು ರಿಪೇರಿ ಮಾತ್ರ, ಬದಲಿ ಕೊಡುವ ಪಾಲಿಸಿ ಇಲ್ಲ ಅಂತಾರೆ. ಏನು ಮಾಡಲಿ?

ಫ್ರಿಜ್ ರಿಪೇರಿ
ಅಕ್ಕ, ಇದೇ ಕೆಲಸ ಮಾಡುವವನು ನಾನು. ಗ್ಯಾಸ್ ಅನ್ನೋದು ಬೈಕಿನ ಪೆಟ್ರೋಲ್ ಥರ ಖರ್ಚಾಗೋದಲ್ಲ. ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರಬೇಕು. ಕಡಿಮೆ ಆಯಿತು ಅಂದರೆ ಎಲ್ಲೋ ಲೀಕ್ ಇದೆ. ಅದನ್ನು ಹುಡುಕದೆ ತುಂಬಿಸುತ್ತಾ ಹೋದರೆ ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ. ಈ ಸಲ ಬಂದಾಗ ಲೀಕ್ ಎಲ್ಲಿದೆ ಅಂತ ಜಾಬ್ ಶೀಟಿನಲ್ಲಿ, ಅಂದರೆ ಮಾಡಿದ ಕೆಲಸ ಬರೆದುಕೊಡುವ ಚೀಟಿಯಲ್ಲಿ, ಬರೆಸಿಕೊಳ್ಳಿ. ಮತ್ತೆ, ಫ್ರಿಜ್ ಸರಿಯಾಗಿ ತಣ್ಣಗಾಗುವ ತನಕ ಫೋನಿಗೆ ಬರುವ ಒಟಿಪಿ ಹೇಳಲೇಬೇಡಿ. ಹೇಳಿದ ಕೂಡಲೇ ಅವರ ಲೆಕ್ಕದಲ್ಲಿ ನಿಮ್ಮ ದೂರು ಮುಗಿದಂತೆ.

ಹಾಸನದವಳು
ಅಯ್ಯೋ, ಮೂರು ಸಲವೂ ಕೊಟ್ಟುಬಿಟ್ಟೆ. ಜಾಬ್ ಶೀಟ್ ಒಂದೇ ಇದೆ. ಬಿಲ್ಲು, ವಾರಂಟಿ ಕಾರ್ಡು ಇವೆ.

ತುಂಗಾತೀರ
ಹೆದರಬೇಡಿ ಮೇಡಂ, ದೂರಿನ ಮೆಸೇಜುಗಳು ಫೋನಿನಲ್ಲಿ ಇರುತ್ತವಲ್ವಾ, ಅದರಲ್ಲೇ ಮೂರು ತಾರೀಖೂ ಸಿಗುತ್ತದೆ, ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ವಾಷಿಂಗ್ ಮೆಷಿನ್ ವಿಷಯದಲ್ಲಿ ನಾನೂ ಇದೇ ದಾರಿ ಹಿಡಿದಿದ್ದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ, ಆದರೆ ಆದೇಶ ಕೊಡೋಕೆ ಅವರಿಗೆ ಆಗಲ್ಲ. ಅದಕ್ಕೇ ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದೊಂದು ನೋಟಿಸ್ ಕಳಿಸಿ, 15 ದಿನ ಟೈಮ್ ಕೊಡಿ, ರಸೀದಿ ಕಳೆಯಬೇಡಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಆಫೀಸು ಎಲ್ಲೇ ಇರಲಿ. ನಿಮ್ಮ ಫ್ರಿಜ್‌ನಷ್ಟು ಬೆಲೆಯ ವಸ್ತುವಿಗೆ ದೂರಿನ ಶುಲ್ಕ ಇಲ್ಲ, 5 ಲಕ್ಷದವರೆಗೂ ಇಲ್ಲ. ವಕೀಲರೂ ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. ಇ-ಜಾಗೃತಿ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಆಗುತ್ತದೆ. ತೀರ್ಮಾನಕ್ಕೆ ಕಾನೂನಿನಲ್ಲಿ ಮೂರು ತಿಂಗಳು, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳು ಅಂತಿದೆ. ನನ್ನದು ಒಂದು ವರ್ಷದ ಮೇಲೇ ಹಿಡಿಯಿತು, ತಾಳ್ಮೆ ಬೇಕು. ಆದರೆ ದುಡ್ಡು ವಾಪಸ್ ಬಂತು.

ಬಯಲುಸೀಮೆ
ಪಾಲಿಸಿ ಇಲ್ಲ ಅನ್ನೋ ಮಾತಿಗೆ ಸುಮ್ನಾಗಬೇಡಿ. ಕಂಪನಿ ಪಾಲಿಸಿ ಕಾನೂನಿಗಿಂತ ದೊಡ್ಡದಲ್ಲ. ಬದಲಿ ವಸ್ತು, ಇಲ್ಲವೇ ಪೂರ್ತಿ ಹಣ, ಜೊತೆಗೆ ಪರಿಹಾರ ಕೊಡಿ ಅಂತ ಆಯೋಗ ಹೇಳಬಹುದು. ಇನ್ಸುಲಿನ್ ವಿಷಯವನ್ನು ನೋಟಿಸಿನಲ್ಲಿ ಖಂಡಿತ ಬರೆಯಿರಿ.

ಹಾಸನದವಳು
ತುಂಬಾ ಉಪಕಾರ ಆಯಿತು ಎಲ್ಲರಿಗೂ. ನಾಳೆ ಹನ್ನೊಂದಕ್ಕೆ ಮೆಕ್ಯಾನಿಕ್ ಬರುತ್ತಾರಂತೆ. ಲೀಕ್ ಎಲ್ಲಿ ಅಂತ ಬರೆದುಕೊಡದೆ ಒಟಿಪಿ ಹೇಳುವುದಿಲ್ಲ. ತುಂಗಾತೀರ ಸರ್, ನಿಮ್ಮ ಹಳೇ ನೋಟಿಸ್ ಇದ್ದರೆ ಹೆಸರು ಅಳಿಸಿ ಇಲ್ಲಿ ಹಾಕ್ತೀರಾ?