ಶ್ರೀಶೈಲ ಪಾದಯಾತ್ರೆಗೆ ಟೆಂಟ್ ಬೇಕಾ, ತಾಡಪತ್ರಿ ಸಾಕಾ?

ಪ್ರಶ್ನೆ, ಸಿಂದಗಿ ಹತ್ತಿರದ ಹಳ್ಳಿಯಿಂದ:
ಈ ಸಲ ಯುಗಾದಿಗೆ ಮೊದಲ ಬಾರಿ ಶ್ರೀಶೈಲಕ್ಕೆ ನಡೆದು ಹೊರಟಿದ್ದೇನೆ. ಕಂಬಿ (ಹೆಗಲ ಮೇಲೆ ಹೊತ್ತು ನಡೆಯುವ ಮಲ್ಲಯ್ಯನ ಪೂಜೆಯ ಕೋಲು) ಜೊತೆ ನಾವು ಹದಿನಾಲ್ಕು ಜನ. ಸಾಮಾನಿಗೆ ಒಂದು ಟಾಟಾ ಏಸ್ ಇದೆ, ಅವ್ವ ಮತ್ತು ದೊಡ್ಡವ್ವ ಅದರಲ್ಲಿ ಬರುತ್ತಾರೆ. ಅಂಗಡಿಯವರು ಟೆಂಟ್, ಸ್ಲೀಪಿಂಗ್ ಬ್ಯಾಗ್, ಮಡಚುವ ಒಲೆ, ಸೋಲಾರ್ ದೀಪ ಅಂತ ಉದ್ದ ಪಟ್ಟಿ ಕೊಟ್ಟಿದ್ದಾರೆ. ಕೈಯಲ್ಲಿರುವುದು ಐದು ಸಾವಿರ. ತಂದ ಸಾಮಾನು ಆಮೇಲೆ ಮನೆಗೂ ಉಪಯೋಗ ಆಗಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ತಂಗಿಯ ಆನ್‌ಲೈನ್ ಕ್ಲಾಸ್ ನಿಲ್ಲುತ್ತದೆ. ಏನು ತಗೊಳ್ಳಲಿ, ಏನು ಬಿಡಲಿ?

ಹುನಗುಂದದಿಂದ:
ಏಳು ಸಲ ನಡೆದಿದ್ದೇನೆ ರೀ. ಮೊದಲನೇ ಸಲ ನಾನೂ ಟೆಂಟ್ ಹೊತ್ತಿದ್ದೆ. ಮಾರ್ಚ್ ಬಿಸಿಲಿಗೆ ಮಧ್ಯಾಹ್ನ ಅದರೊಳಗೆ ಕೂತರೆ ಹಂಚಿನ ಮೇಲಿನ ರೊಟ್ಟಿ ಆಗುತ್ತೀರಿ. ಎರಡನೇ ರಾತ್ರಿ ಜಿಪ್ ಕಿತ್ತು ಬಂತು. ಈಗ ಅದು ಮನೆಯಲ್ಲಿ ಕಡಲೆ ಮೂಟೆಗೆ ಹೊದಿಕೆ.

ಮಲಗಲು ತಾಡಪತ್ರಿ ಸಾಕು. ಆದರೆ ಯಾವುದು ಅನ್ನೋದು ಮುಖ್ಯ. ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವಂಥ 8x6 ಮೀಟರಿನದು 250 ಜಿಎಸ್ಎಂ ಆಗಿದ್ದರೆ ಬರೋಬ್ಬರಿ 12 ಕೆಜಿ ತೂಗುತ್ತದೆ. ಜಿಎಸ್ಎಂ ಅಂದ್ರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ, ಲೆಕ್ಕ ನೀವೇ ಹಾಕಬಹುದು. ಅದು ಗಾಡಿಯಲ್ಲಿರಲಿ. ಹೆಗಲಿಗೆ ಬೇರೆ ಬೇಕು: 2x3 ಮೀಟರಿನದು, 120 ಜಿಎಸ್ಎಂ. ಮುಕ್ಕಾಲು ಕೆಜಿಯೂ ಆಗುವುದಿಲ್ಲ.

ಹೆಗಲಿಗೆ ಯಾಕೆ ಅಂದ್ರೆ, ಗಾಡಿ ಕೊನೆತನಕ ಜೊತೆಗಿರುವುದಿಲ್ಲ. ವೆಂಕಟಾಪುರಂ ದಾಟಿದ ಮೇಲೆ ಕಾಡು ಶುರು. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಆಮೇಲೆ ಕೈಲಾಸ ದ್ವಾರ. ನಮ್ಮ ಗಾಡಿ ಪ್ರತಿ ಸಲ ಆತ್ಮಕೂರು, ದೋರ್ನಾಲ ಸುತ್ತಿ ಮೇಲೆ ಬಂದು ಸೇರುತ್ತದೆ. ಆ ಎರಡು ದಿನ ನಿಮ್ಮ ಬೆನ್ನ ಮೇಲೆ ಏನಿದೆಯೋ ಅಷ್ಟೇ ನಿಮ್ಮ ಸಂಸಾರ. ಭೀಮನ ಕೊಳ್ಳದ ಏರಿನಲ್ಲಿ ಒಂದೊಂದು ಸಾಮಾನೂ ತೆಗೆದು ಒಗೆಯಬೇಕು ಅನ್ನಿಸುತ್ತದೆ. ಮನೆಯಲ್ಲೇ ಚೀಲ ತುಂಬಿ ತೂಗಿ ನೋಡಿ, ನೀರು ಸೇರಿ ಆರು ಕೆಜಿ ಮೀರಬಾರದು.

ಸ್ಲೀಪಿಂಗ್ ಬ್ಯಾಗ್ ಸುಮ್ನೆ ದುಡ್ಡು ದಂಡ. ಕೌದಿಯೂ ಭಾರ. ತೆಳು ಜಮಖಾನ, ಒಂದು ಪಂಚೆ ಸಾಕು. ಸೊಳ್ಳೆಗೆ ಮಾತ್ರ ಬಿಚ್ಚಿದರೆ ತಾನೇ ನಿಲ್ಲುವ ಪರದೆ ತಗೊಳ್ಳಿ. ಗಾಳಿಯೂ ಬರುತ್ತದೆ, ಮನೆಯಲ್ಲಿ ಮಾಳಿಗೆ ಮೇಲೆ ಮಲಗಲೂ ಆಗುತ್ತದೆ.

ಖಾನಾಪುರದಿಂದ:
ಟೆಂಟ್ ಅಷ್ಟು ಕೆಟ್ಟದ್ದಲ್ಲ ಅಣ್ಣಾ. ನಮ್ಮ ಕಡೆ ಮಳೆ, ಜಿಗಣೆಗೆ ಅದಿಲ್ಲದೆ ಆಗುವುದೇ ಇಲ್ಲ. ಆದರೆ ಎರಡು ಪದರದ್ದೇ ಬೇಕು. ಒಂದೇ ಪದರ ಇದ್ದರೆ ನಮ್ಮ ಉಸಿರೇ ರಾತ್ರಿ ನೀರಾಗಿ ಮೈಮೇಲೆ ತೊಟ್ಟಿಕ್ಕುತ್ತದೆ. ನಾಲ್ಕು ಜನರದ್ದು ಅಂತ ಬರೆದಿದ್ದರೆ ಚೀಲ ಇಟ್ಟು ಮಲಗುವುದು ಇಬ್ಬರು, ಬಹಳ ಅಂದ್ರೆ ಮೂವರು. ಮಾರ್ಚ್‌ನಲ್ಲಿ ಶ್ರೀಶೈಲಕ್ಕೆ ಅಂದ್ರೆ ನಾನೂ ಒಯ್ಯುವುದಿಲ್ಲ, ಒಪ್ಪಿದೆ.

ವಿಜಯಪುರದಿಂದ:
ಇಬ್ಬರೂ ಗಂಡಸರು ಅಂತ ಓದಿದರೆ ಗೊತ್ತಾಗುತ್ತದೆ ಬಿಡಿ! ಹೆಣ್ಣುಮಕ್ಕಳು ಸೀರೆ ಬದಲಿಸುವುದು ಎಲ್ಲಿ? ಗಾಡಿಯ ಬಾಗಿಲಿಗೆ ಎರಡು ಸೀರೆ ಕಟ್ಟಿ ನೋಡಿದ್ದೇವೆ, ಬಯಲಿನ ಗಾಳಿಗೆ ನಿಲ್ಲಲಿಲ್ಲ. ಒಂದು ಸಾದಾ ಟೆಂಟ್ ಗಾಡಿಯಲ್ಲಿ ಇರಲೇಬೇಕು ತಮ್ಮಾ. ಮಲಗಲು ಅಲ್ಲ, ಅದಕ್ಕೆ. ಹೊಸದು ಬೇಡ, ಯಾರ ಹತ್ತಿರವಾದರೂ ಇಸಿದುಕೊಳ್ಳಿ. ಎರೆ ಹೊಲದ ಬಿರುಕಿನಲ್ಲಿ ಗೂಟ ನಿಲ್ಲುವುದಿಲ್ಲ, ಹಗ್ಗಕ್ಕೆ ಕಲ್ಲು ಕಟ್ಟಿ.

ಒಲೆ ಬಿಟ್ಟುಬಿಡಿ. ದಾರಿಯುದ್ದಕ್ಕೂ ದಾಸೋಹ ಇರುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ ಕಟ್ಟಿಕೊಂಡರೆ ದಿನಗಟ್ಟಲೆ ಕೆಡುವುದಿಲ್ಲ. ಕಾಡಿನಲ್ಲಂತೂ ಬೆಂಕಿ ಹಚ್ಚಲೇಬೇಡಿ. ಅದು ಹುಲಿ ಸಂರಕ್ಷಿತ ಕಾಡು, ಆ ಹೊತ್ತಿಗೆ ಎಲೆಯೆಲ್ಲ ಒಣಗಿ ಹಪ್ಪಳ ಆಗಿರುತ್ತದೆ. ಟೆಂಟಿನೊಳಗೆ ಗ್ಯಾಸ್ ಹಚ್ಚಿ ಚಹಾ ಮಾಡುವವರನ್ನೂ ಕಂಡಿದ್ದೇನೆ. ಮುಚ್ಚಿದ ಜಾಗದಲ್ಲಿ ವಾಸನೆಯೂ ಇಲ್ಲದ ವಿಷಗಾಳಿ ತುಂಬುತ್ತದೆ, ಹುಷಾರು.

ಓಆರ್‌ಎಸ್ ದೊಡ್ಡ ಪುಡಿಕೆ ಪೂರ್ತಿ ಒಂದು ಲೀಟರ್ ನೀರಿಗೆ. ರುಚಿ ಬರಲಿ ಅಂತ ಅರ್ಧ ಲೀಟರಿಗೆ ಕಲಸಬೇಡಿ, ಉಪ್ಪು ಜಾಸ್ತಿ ಆಗಿ ತೊಂದರೆ.

ಗೋಕಾಕದಿಂದ:
ನಾನು ಬ್ಯಾಟರಿ, ಇನ್ವರ್ಟರ್ ರಿಪೇರಿ ಮಾಡುವವನು. ನಿಮ್ಮ ಐದು ಸಾವಿರದಲ್ಲಿ ದೊಡ್ಡ ಪಾಲು ಒಳ್ಳೆಯ ಪವರ್ ಬ್ಯಾಂಕಿಗೆ ಹೋಗಲಿ, ಯಾತ್ರೆಗೂ ಮನೆಗೂ ಅದೊಂದೇ ಸಾಮಾನು ದುಡಿಯುತ್ತದೆ.

10000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಅಂತ ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಅಂದ್ರೆ 37 ವ್ಯಾಟ್ ಅವರ್. ಹೊರಗೆ ಕೊಡುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. 5000 ಎಂಎಎಚ್ ಫೋನ್ ಎರಡು ಸಲ ತುಂಬುತ್ತದೆ ಅಂದುಕೊಳ್ಳಬೇಡಿ, ಒಂದೂವರೆ ಸಲ. 20000ದ್ದು ತಗೊಂಡರೆ ಮೂರು ಸಲ. ಬಿಐಎಸ್ ಗುರುತು (ಸರ್ಕಾರದ ಗುಣಮಟ್ಟದ ಗುರುತು) ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬಿಸಿಲಿನಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಕಾಡಿನಲ್ಲಿ ಸಿಗ್ನಲ್ ಸಿಗದಾಗ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಟವರ್ ಹುಡುಕುತ್ತಾ ಹುಡುಕುತ್ತಾ ಸಾಯುತ್ತದೆ.

ಈಗ ತಂಗಿಯ ಕ್ಲಾಸ್. ರೂಟರಿಗೆ ಬೇಕಾದ ಕರೆಂಟ್ ಬಹಳ ಕಡಿಮೆ, ಸಾಮಾನ್ಯವಾಗಿ ಏಳೆಂಟು ವ್ಯಾಟ್. ಯುಎಸ್‌ಬಿಯ 5 ವೋಲ್ಟನ್ನು ಏರಿಸಿ ಕೊಡುವ ಒಂದು ಕೇಬಲ್ ಸಿಗುತ್ತದೆ. ಅದರಿಂದ 20000ದ ಪವರ್ ಬ್ಯಾಂಕನ್ನು ರೂಟರಿಗೆ ಹಚ್ಚಿದರೆ ಏಳು ತಾಸು ನಡೆಯುತ್ತದೆ. ಇಷ್ಟಕ್ಕೆ ಇನ್ವರ್ಟರ್ ಬೇಡವೇ ಬೇಡ.

ಬೆಳಕಿಗೆ ತಲೆಗೆ ಕಟ್ಟುವ ಬ್ಯಾಟರಿ ತಗೊಳ್ಳಿ. (ನಮ್ಮ ಕಡೆ ಬ್ಯಾಟರಿ ಅಂದ್ರೆ ಟಾರ್ಚೇ ಅಲ್ವಾ.) ನಸುಕಿನ ಮೂರಕ್ಕೆ ಎದ್ದು ನಡೆಯುವಾಗ ಎರಡೂ ಕೈ ಖಾಲಿ ಇರಬೇಕು. ಅಗ್ಗದ ದೊಡ್ಡ ಟಾರ್ಚ್ ಬೇಡ. ಎಷ್ಟೋ ಟಾರ್ಚ್‌ಗಳಲ್ಲಿ ಸೀಸದ ಬ್ಯಾಟರಿ ಇರುತ್ತದೆ, ಖಾಲಿ ಮಾಡಿ ಆರು ತಿಂಗಳು ಮೂಲೆಗೆ ಇಟ್ಟರೆ ಸತ್ತೇ ಹೋಗುತ್ತದೆ. ಜಾತ್ರೆ ಮುಗಿದ ಮೇಲೆ ನನ್ನ ಅಂಗಡಿಗೆ ಬರುವುದೆಲ್ಲ ಅವೇ.

ಬಾದಾಮಿಯಿಂದ:
ಒಂದೇ ಮಾತು. ಹೊಸ ಬೂಟು ಹಾಕಿ ಹೊರಡಬೇಡಿ. ತಿಂಗಳು ಮೊದಲೇ ತಗೊಂಡು ದಿನಾ ನಡೆಯಿರಿ, ಅಳತೆ ಸ್ವಲ್ಪ ದೊಡ್ಡದೇ ಇರಲಿ, ಕಾಲು ಊದುತ್ತದೆ. ಗುಳ್ಳೆ ಎದ್ದಿದ್ದು ಮೂರನೇ ದಿನ, ನಾನು ಬಸ್ ಹತ್ತಿದ್ದು ನಾಲ್ಕನೇ ದಿನ.

ಸಿಂದಗಿಯವರು ಮತ್ತೆ:
ಎಲ್ಲರಿಗೂ ಶರಣು. ಟೆಂಟ್ ಪಕ್ಕದೂರಿನ ಮಾವನ ಹತ್ತಿರ ಸಿಕ್ಕಿತು, ಅವ್ವ ಕೇಳಿ ಖುಷಿಯಾದಳು. ಸಣ್ಣ ತಾಡಪತ್ರಿ, ಪರದೆ, ತಲೆ ಬ್ಯಾಟರಿ, 20000ದ ಪವರ್ ಬ್ಯಾಂಕ್ ತಂದೆ. ಚೀಲ ಏಳೂವರೆ ಕೆಜಿ ಆಗಿದೆ, ಇನ್ನೂ ಇಳಿಸಬೇಕು. ಗೋಕಾಕದ ಅಣ್ಣಾ, ಅಂಗಡಿಯಲ್ಲಿ 12 ವೋಲ್ಟ್ ಕೇಬಲ್ ಕೊಟ್ಟರು. ನಮ್ಮ ರೂಟರಿನ ಅಡಾಪ್ಟರ್ ಮೇಲೆ 9 ವೋಲ್ಟ್ ಅಂತ ಇದೆ. ನಡೆಯುತ್ತದಾ?

ಗೋಕಾಕದಿಂದ:
ಹಚ್ಚಬೇಡ ತಮ್ಮಾ, ರೂಟರ್ ಸುಟ್ಟೀತು. ಇವತ್ತೇ ವಾಪಸ್ ಕೊಟ್ಟು 9ರದ್ದು ತಗೊಂಡು ಬಾ.