ಒಂದೇ ಬಾಟಲಿ ಕಡಲ ನೀರು, ಎರಡು ಲೆಕ್ಕ: ಎಂಟರೊಕಾಕೈ ಎಣಿಕೆ ಮತ್ತು ಈ ಕೆಲಸದಲ್ಲಿ ಮುಂದಿನ ದಾರಿ

ಅಳಿವೆಬಾಗಿಲು ಕೇಳಿದ್ದು:

ನಮಸ್ಕಾರ. ಓದಿದ್ದು ಎಂ.ಎಸ್ಸಿ. ಮೈಕ್ರೋಬಯಾಲಜಿ, ಈಗಿನ ಕೆಲಸ ಬೀಚ್ ನೀರಿನ ಪರೀಕ್ಷೆ, ಅಂದರೆ ಕೊಳಚೆ ಬೆರೆತಿದೆಯೇ ಎಂದು ತೋರಿಸುವ ಕರುಳಿನ ಬ್ಯಾಕ್ಟೀರಿಯಾ ಎಂಟರೊಕಾಕೈಯನ್ನು ಎಣಿಸುವುದು. ಮೆಂಬ್ರೇನ್ ಫಿಲ್ಟರ್ ವಿಧಾನ (ನೀರು ಸೋಸಿದ ತೆಳು ಹಾಳೆಯನ್ನು ಪೋಷಕಾಂಶದ ಅಗಾರ್ ತಟ್ಟೆಯ ಮೇಲಿಟ್ಟು, ಬೆಳೆದ ಬ್ಯಾಕ್ಟೀರಿಯಾ ಚುಕ್ಕೆಗಳನ್ನು, ಅಂದರೆ ಕಾಲನಿಗಳನ್ನು, ಎಣಿಸುವುದು), 0.45 ಮೈಕ್ರಾನ್ ಫಿಲ್ಟರ್, ಸ್ಲಾನೆಟ್ಜ್-ಬಾರ್ಟ್ಲಿ ಅಗಾರ್, 36 ಡಿಗ್ರಿಯಲ್ಲಿ 44 ಗಂಟೆ. 250 ಮಿ.ಲೀ. ಬಾಟಲಿಯಿಂದ ನೂರು ನೂರು ಮಿ.ಲೀ. ಎರಡು ಸಲ ಸೋಸಿದರೆ ಒಂದು ದಿನ 25 ಮತ್ತು 36 ಕಾಲನಿ, ಇನ್ನೊಂದು ದಿನ 9 ಮತ್ತು 61. ಎರಡಕ್ಕೂ ಸರಾಸರಿ ಹಾಕಿ ವರದಿ ಬರೆಯಬಹುದೇ?

ಜೊತೆಗೆ ಇನ್ನೊಂದು: ಕರಾವಳಿ ಪರಿಸರದ ಕೆಲಸದಲ್ಲೇ ಮುಂದುವರಿಯಬೇಕಾದರೆ ಮುಂದೇನು ಕಲಿಯಬೇಕು? ಪಿಎಚ್.ಡಿ. ಇಲ್ಲದೆ ಆಗುವುದೇ ಇಲ್ಲವೇ?

ತಟ್ಟೆಎಣಿಕೆ ಬರೆದದ್ದು:

ಮೊದಲನೆಯ ಜೋಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಎಣಿಕೆಗಳ ವ್ಯತ್ಯಾಸದ ವರ್ಗವನ್ನು ಅವುಗಳ ಮೊತ್ತದಿಂದ ಭಾಗಿಸಿ. 36ರಲ್ಲಿ 25 ಕಳೆದರೆ 11, ಅದರ ವರ್ಗ 121, ಮೊತ್ತ 61, ಉತ್ತರ ಸುಮಾರು 2. ಸಂಖ್ಯಾಶಾಸ್ತ್ರದ ಮಿತಿಯಾದ 3.84ರ ಒಳಗಿದ್ದರೆ ಅದು ನೀರಿನಲ್ಲಿ ಬ್ಯಾಕ್ಟೀರಿಯಾ ಅಲ್ಲಿಷ್ಟು ಇಲ್ಲಿಷ್ಟು ಹರಡಿರುವುದರಿಂದ ಬರುವ ಸಹಜ ಏರಿಳಿತ. ಎರಡನೆಯ ಜೋಡಿಗೆ ಇದೇ ಲೆಕ್ಕ ಹಾಕಿದರೆ 2704 ಭಾಗಿಸು 70, ಅಂದರೆ 38.6. ಇದು ಸಹಜವಲ್ಲ, ಕೈತಪ್ಪು. 9 ಮತ್ತು 61ಕ್ಕೆ 35 ಎಂದು ಸರಾಸರಿ ಬರೆದರೆ ಆ ಸಂಖ್ಯೆ ಯಾವ ನೀರಿನದ್ದೂ ಅಲ್ಲ.

ತಪ್ಪು ಎಲ್ಲಿ ಆಗಿರಬಹುದು? ನನ್ನ ಮೊದಲ ಅನುಮಾನ ಬಾಟಲಿ ಅಲ್ಲಾಡಿಸುವುದರ ಮೇಲೆ. ಮೊದಲ 100 ಮಿ.ಲೀ. ಸೋಸಿ ಮುಗಿಯುವಷ್ಟರಲ್ಲಿ ಮರಳು, ಕೆಸರು ತಳ ಸೇರಿರುತ್ತದೆ. ಎಂಟರೊಕಾಕೈ ಕಣಗಳಿಗೆ ಅಂಟಿಕೊಂಡೇ ಇರುವ ಜಾತಿ. ಎರಡನೆಯ ಸಲ ಬಗ್ಗಿಸಿದಾಗ ಆ ಗಷ್ಟೆಲ್ಲ ಫನೆಲ್‌ಗೆ ಬೀಳುತ್ತದೆ. ಪ್ರತಿ ಸಲ ಸುರಿಯುವ ಮೊದಲೂ 25 ಬಾರಿ ಮೇಲೆ ಕೆಳಗೆ ಮಾಡಬೇಕು. ಅದಕ್ಕೆ ಬಾಟಲಿಯ ಕತ್ತಿನಲ್ಲಿ ಎರಡು ಬೆರಳು ಜಾಗ ಖಾಲಿ ಇರಬೇಕು. ಸ್ಯಾಂಪಲ್ ತರುವವರು ಗಂಟಲವರೆಗೆ ತುಂಬಿ ತಂದರೆ ಅಲ್ಲಾಡಿಸಿದ್ದೂ ಸುಳ್ಳೇ.

ಎರಡನೆಯ ಅನುಮಾನ 9 ಬಂದ ತಟ್ಟೆಯ ಮೇಲೆ. ಮೆಂಬ್ರೇನನ್ನು ಅಗಾರ್ ಮೇಲೆ ಒಂದು ಅಂಚಿನಿಂದ ಉರುಳಿಸಿ ಹಾಸದೆ ದಪ್ಪೆಂದು ಇಟ್ಟರೆ ಅಡಿಯಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಅಷ್ಟು ಜಾಗಕ್ಕೆ ಪೋಷಕಾಂಶ ಏರುವುದಿಲ್ಲ, ಕಾಲನಿಯೂ ಇಲ್ಲ. ತಟ್ಟೆ ಇನ್ನೂ ಇದ್ದರೆ ನೋಡಿ: ಒಂದು ಮೂಲೆ ಬೋಳಾಗಿದೆಯೇ?

ಇನ್ನು ಮೇಲೆ 100, 10, 1 ಮಿ.ಲೀ. ಮೂರನ್ನೂ ಹಾಕಿ. 1 ಮಿ.ಲೀ. ನೇರವಾಗಿ ಸುರಿಯಬಾರದು. ಫನೆಲ್‌ನಲ್ಲಿ ಮೊದಲು 20 ಮಿ.ಲೀ. ಸ್ಟೆರೈಲ್ ಬಫರ್ ಇರಲಿ, ಇಲ್ಲದಿದ್ದರೆ ಕಾಲನಿಗಳೆಲ್ಲ ಒಂದೇ ಕಡೆ ಗುಂಪು ಕಟ್ಟುತ್ತವೆ. ಸರಣಿಯ ಮೊದಲಿಗೊಂದು, ಕೊನೆಗೊಂದು ಬರೀ ಬಫರ್ ಸೋಸಿದ ಬ್ಲ್ಯಾಂಕ್ ಬೇಕೇ ಬೇಕು. ಕೊನೆಯ ಬ್ಲ್ಯಾಂಕ್‌ನಲ್ಲಿ ಕಾಲನಿ ಬಂದರೆ ಫನೆಲ್ ಸರಿಯಾಗಿ ತೊಳೆದಿಲ್ಲ ಎಂದರ್ಥ.

ಇಳಿತದಹೊತ್ತು ಬರೆದದ್ದು:

ಮೇಲಿನದ್ದೆಲ್ಲ ಒಪ್ಪುವೆ, ಆದರೆ ಅರ್ಧ ತಪ್ಪು ಲ್ಯಾಬಿಗೆ ಬರುವ ಮೊದಲೇ ಆಗಿರುತ್ತದೆ. ಸೊಂಟದ ಮಟ್ಟದ ನೀರಿಗೆ ಇಳಿಯುವಾಗ ಕಾಲಡಿಯ ಮರಳು ಕದಡುತ್ತದೆ, ಮರಳಿನಲ್ಲಿ ನೀರಿಗಿಂತ ಹೆಚ್ಚು ಎಂಟರೊಕಾಕೈ ಇರುತ್ತವೆ. ಇಳಿದು ನಿಂತು, ಕದಡಿದ್ದು ಸರಿದುಹೋಗುವವರೆಗೆ ಕಾಯಿರಿ. ಹರಿವು ಬರುವ ದಿಕ್ಕಿಗೆ ಮುಖ ಮಾಡಿ, ಬಾಟಲಿಯನ್ನು ಬಾಯಿ ಕೆಳಗಾಗಿ 30 ಸೆಂ.ಮೀ. ಆಳಕ್ಕೆ ಒತ್ತಿ, ಅಲ್ಲಿ ತಿರುಗಿಸಿ ತುಂಬಿಸಿ. ಕಡಲ ನೀರಿನಲ್ಲಿ ಬಾಟಲಿ ತೊಳೆದು ತುಂಬಿಸುವ ಚಾಳಿ ಬೇಡ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು.

ಹೊತ್ತು ಮುಖ್ಯ. ಬಿಸಿಲು ಈ ಬ್ಯಾಕ್ಟೀರಿಯಾಗಳನ್ನು ಗಂಟೆಗಳಲ್ಲೇ ಕೊಲ್ಲುತ್ತದೆ. ಒಂದು ತಿಂಗಳು ಬೆಳಿಗ್ಗೆ ಏಳಕ್ಕೆ, ಮುಂದಿನ ತಿಂಗಳು ಮಧ್ಯಾಹ್ನ ಎರಡಕ್ಕೆ ತಂದರೆ ನೀವು ಹೋಲಿಸುತ್ತಿರುವುದು ಬಿಸಿಲನ್ನು, ಕೊಳಚೆಯನ್ನಲ್ಲ. ಹೊಳೆ ಸೇರುವ ಜಾಗ ಹತ್ತಿರವಿದ್ದರೆ ಉಬ್ಬರವೋ ಇಳಿತವೋ ಬರೆದಿಡಿ. ಇಳಿತದಲ್ಲಿ ಊರಿನ ನೀರೆಲ್ಲ ಹೊರಗೆ ಬರುತ್ತದೆ. ಆಮೇಲೆ ಐಸ್ ಪೆಟ್ಟಿಗೆ, 10 ಡಿಗ್ರಿಗಿಂತ ಕೆಳಗೆ, ಕತ್ತಲಲ್ಲಿ. ಲ್ಯಾಬಿಗೆ ಆರು ಗಂಟೆಯೊಳಗೆ, ಅಲ್ಲಿಂದ ಎರಡು ಗಂಟೆಯೊಳಗೆ ಸೋಸಿ ಮುಗಿಯಬೇಕು. ಬಾಟಲಿ ಐಸ್‌ನೀರಿನಲ್ಲಿ ಮುಳುಗಿ ತೇಲುತ್ತಿದ್ದರೆ ಮುಚ್ಚಳದ ಸಂದಿಯಿಂದ ಆ ನೀರೂ ಒಳಗೆ ಹೋಗುತ್ತದೆ.

ಬಳಚು ಬರೆದದ್ದು:

ಒಂದು ವಿಷಯ ಯಾರೂ ಹೇಳಿಲ್ಲ. ಸ್ಲಾನೆಟ್ಜ್-ಬಾರ್ಟ್ಲಿ ಮೇಲೆ ಕೆಂಪು, ಗುಲಾಬಿ ಆದದ್ದೆಲ್ಲ ಎಂಟರೊಕಾಕೈ ಅಲ್ಲ. ಮೆಂಬ್ರೇನನ್ನು ಹಾಗೆಯೇ ಎತ್ತಿ, ಮೊದಲೇ 44 ಡಿಗ್ರಿಗೆ ಬಿಸಿ ಮಾಡಿಟ್ಟ ಬೈಲ್ ಎಸ್ಕ್ಯುಲಿನ್ ಅಜೈಡ್ ಅಗಾರ್ ಮೇಲೆ ಎರಡು ಗಂಟೆ ಇಡಿ. ಕಂದುಗಪ್ಪಾದ ಕಾಲನಿ ಮಾತ್ರ ಎಣಿಸಿ. ತಣ್ಣನೆಯ ತಟ್ಟೆಗೆ ವರ್ಗಾಯಿಸಿದರೆ ಎರಡು ಗಂಟೆಯಲ್ಲಿ ಅರ್ಧ ಸಮಯ ತಟ್ಟೆ ಬಿಸಿಯಾಗುವುದಕ್ಕೇ ಹೋಗುತ್ತದೆ. ತಡ ಮಾಡಿ ನೋಡಿದರೂ ಕಷ್ಟ, ಕಪ್ಪು ಬಣ್ಣ ಹರಡಿ ಪಕ್ಕದ ಕಾಲನಿಯೂ ಕಪ್ಪಾಗಿ ಕಾಣುತ್ತದೆ.

ಸ್ಲಾನೆಟ್ಜ್-ಬಾರ್ಟ್ಲಿಯನ್ನು ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಬೇಡಿ, ಕುದಿಸಿ ಕರಗಿಸಿದರೆ ಸಾಕು. ಇವೆರಡರಲ್ಲೂ ಸೋಡಿಯಂ ಅಜೈಡ್ ಇದೆ. ಉಳಿದದ್ದನ್ನು ಸಿಂಕಿಗೆ ಸುರಿದರೆ ಸೀಸ, ತಾಮ್ರದ ಪೈಪಿನಲ್ಲಿ ಕೂಡಿಕೊಂಡು ಸ್ಫೋಟಕವಾಗುತ್ತದೆ. ಆಮ್ಲ ತಾಗಿದರೆ ವಿಷಗಾಳಿ. ಬೇರೆ ಕ್ಯಾನು ಇಡಿ, ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಅಳಿವೆಬಾಗಿಲು ಬರೆದದ್ದು:

ಧನ್ಯವಾದ. 9 ಬಂದ ತಟ್ಟೆಯಲ್ಲಿ ಒಂದು ಕಡೆ ಎರಡು ರೂಪಾಯಿ ನಾಣ್ಯದಷ್ಟು ಬೋಳು ಇದೆ! ಮಳೆಗಾಲದಲ್ಲಿ ಕೆಂಪು ನೀರು ಬಂದಾಗ 100 ಮಿ.ಲೀ. ಸೋಸುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೇನು? ಮತ್ತೆ, ಮಿತಿ 100 ಎಂದಿರುವಾಗ 35 ಬಂದರೂ 60 ಬಂದರೂ ಪಾಸೇ ಅಲ್ಲವೇ, ಇಷ್ಟು ಸೂಕ್ಷ್ಮ ಏಕೆ?

ತಟ್ಟೆಎಣಿಕೆ ಬರೆದದ್ದು:

25 ಮಿ.ಲೀ.ಯಂತೆ ನಾಲ್ಕು ಫಿಲ್ಟರ್‌ಗೆ ಹಂಚಿ, ನಾಲ್ಕರ ಎಣಿಕೆ ಕೂಡಿಸಿ.

ಮಿತಿಯ ಪ್ರಶ್ನೆ ಚೆನ್ನಾಗಿದೆ. 2020ರಲ್ಲಿ ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯಾದ ಬ್ಲೂ ಫ್ಲ್ಯಾಗ್ ಸಿಕ್ಕಿದ ಪಡುಬಿದ್ರಿ, ಕಾಸರಕೋಡು ಬೀಚುಗಳಿಗೆ ಅನ್ವಯಿಸುವ ಮಿತಿ 100 ಮಿ.ಲೀ.ಗೆ ಎಂಟರೊಕಾಕೈ 100, ಇ. ಕೋಲೈ 250. ಆದರೆ ಅದು ಒಂದೊಂದು ಸ್ಯಾಂಪಲ್ಲಿನ ಮಿತಿಯಲ್ಲ, ಎಲ್ಲ ಸ್ಯಾಂಪಲ್ಲುಗಳ 95ನೇ ಪರ್ಸೆಂಟೈಲ್, ಅಂದರೆ ನೂರರಲ್ಲಿ 95 ಸ್ಯಾಂಪಲ್ಲು ಅದರೊಳಗಿರಬೇಕಾದ ಮಟ್ಟ. ಎಣಿಕೆಗಳ ಲಾಗ್ ತೆಗೆದು, ಅವುಗಳ ಸರಾಸರಿಗೆ ಪ್ರಮಾಣ ವಿಚಲನೆಯ (ಎಣಿಕೆಗಳ ಚದುರುವಿಕೆಯ ಅಳತೆ) 1.65 ಪಟ್ಟು ಕೂಡಿಸಿ, ಆಂಟಿಲಾಗ್ ತೆಗೆಯಬೇಕು. ಲಾಗ್ ಸರಾಸರಿ 1.2 ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 16 ಕಾಲನಿ, ಶುದ್ಧ ನೀರು. ವಿಚಲನೆ 0.4 ಇದ್ದರೆ ಉತ್ತರ 72, ಪಾಸ್. ವಿಚಲನೆ 0.5 ಆದರೆ 106, ಫೇಲ್. ಅದೇ ನೀರು, ಅದೇ ಸರಾಸರಿ. ನಿಮ್ಮ ಗಾಳಿಗುಳ್ಳೆ, ಅಲ್ಲಾಡಿಸದ ಬಾಟಲಿ ಆ 0.1 ಅನ್ನು ಸೇರಿಸಿಬಿಡಬಲ್ಲವು.

ಇನ್ನೊಂದು ಎಚ್ಚರಿಕೆ. ನಮ್ಮ ದೇಶದ ಎಸ್‌ಡಬ್ಲ್ಯು-2 ದರ್ಜೆ, ಅಂದರೆ ಸ್ನಾನದ ಕಡಲ ನೀರು, ಕೇಳುವುದು ಫೀಕಲ್ ಕೋಲಿಫಾರ್ಮ್ ಎಂಬ ಬೇರೆ ಗುಂಪಿನ ಬ್ಯಾಕ್ಟೀರಿಯಾ, ಅದೂ ಎಂಪಿಎನ್ (ಕಾಲನಿ ಎಣಿಸದೆ ಅಂದಾಜಿಸುವ ಅತಿ ಸಂಭವನೀಯ ಸಂಖ್ಯೆ) ಲೆಕ್ಕದಲ್ಲಿ 100. ಒಂದರ ಸಂಖ್ಯೆಯನ್ನು ಇನ್ನೊಂದರ ಕಾಲಂನಲ್ಲಿ ತುಂಬಿದ ವರದಿಗಳು ಓಡಾಡುತ್ತಿರುತ್ತವೆ. ನಿಮ್ಮ ಸಹಿ ಅಂಥದ್ದರ ಮೇಲೆ ಬೀಳದಿರಲಿ.

ಬಳಚು ಬರೆದದ್ದು:

ಕೆಲಸದ ವಿಷಯ. ದಾರಿ ಎರಡು, ಅವುಗಳಿಗೆ ಬೇಕಾದ ತಯಾರಿ ಬೇರೆ ಬೇರೆ.

ಪರೀಕ್ಷಾ ಲ್ಯಾಬಿನ ದಾರಿಗೆ ಪಿಎಚ್.ಡಿ. ಬೇಡ. ಲ್ಯಾಬುಗಳ ಗುಣಮಟ್ಟದ ಮಾನದಂಡ ಐಎಸ್ಒ 17025 ಅರೆದು ಕುಡಿದಿರಬೇಕು: ಮಾಪನದ ಅನಿಶ್ಚಿತತೆ ಲೆಕ್ಕ ಹಾಕುವುದು, ಇನ್‌ಕ್ಯುಬೇಟರ್ ತಾಪಮಾನದ ದಾಖಲೆ, ಪ್ರತಿ ಬ್ಯಾಚ್ ಮೀಡಿಯಾಗೆ ಗೊತ್ತಿರುವ ತಳಿ ಹಾಕಿ ಪರೀಕ್ಷೆ. ಮೀನು ರಫ್ತಿನ ಲ್ಯಾಬುಗಳಿಗೂ ಇದೇ ಕೈ ಬೇಕು, ಅಲ್ಲಿ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇರಬಾರದು, ವಿಬ್ರಿಯೊ ನೋಡಬೇಕು. ವಿಬ್ರಿಯೊಗೆ ಬಳಸುವ ಟಿಸಿಬಿಎಸ್ ಕೂಡ ಆಟೋಕ್ಲೇವ್ ಆಗದ ಮೀಡಿಯಾ. ಹಡಗು ಸಮತೋಲನಕ್ಕೆ ತುಂಬಿಕೊಳ್ಳುವ ಬ್ಯಾಲಾಸ್ಟ್ ನೀರಿನ ಡಿ-2 ಮಾನದಂಡದಲ್ಲೂ ಇ. ಕೋಲೈ, ಎಂಟರೊಕಾಕೈ, ಕಾಲರಾ ವಿಬ್ರಿಯೊ ಮೂರೂ ಇವೆ. ಬಂದರು ಇರುವಲ್ಲಿ ಈ ಕೆಲಸ ಗೊತ್ತಿದ್ದವರನ್ನು ಕೇಳುತ್ತಾರೆ.

ಸಂಶೋಧನೆಯ ದಾರಿಗೆ ನೆಟ್ ಅಥವಾ ಗೇಟ್ ಅರ್ಹತಾ ಪರೀಕ್ಷೆ ಬರೆಯಿರಿ. ಗೋವಾದ ದೋನಾ ಪಾವ್ಲಾದಲ್ಲಿರುವ ಎನ್‌ಐಒ, ಚೆನ್ನೈನ ಎನ್‌ಸಿಸಿಆರ್, ಕೊಚ್ಚಿಯ ಸಿಎಂಎಲ್‌ಆರ್‌ಇ ಈ ಸಮುದ್ರ ಸಂಶೋಧನಾ ಸಂಸ್ಥೆಗಳಲ್ಲೆಲ್ಲ ಪ್ರಾಜೆಕ್ಟ್ ಹುದ್ದೆಗಳ ಜಾಹೀರಾತು ಬರುತ್ತಿರುತ್ತದೆ. ಜೆಆರ್‌ಎಫ್ (ಆರಂಭದ ಸಂಶೋಧನಾ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಪ್ರಾಜೆಕ್ಟ್ ಮುಗಿದರೆ ಹುದ್ದೆಯೂ ಮುಗಿಯಿತು, ಅದನ್ನು ತಿಳಿದೇ ಸೇರಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಎಂ.ಎಫ್.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಫ್.ಎಸ್ಸಿ. ಕೇಳುತ್ತಾರೆ, ಹಾಗಾಗಿ ನಿಮಗೆ ಆ ಬಾಗಿಲು ಸುಲಭವಲ್ಲ.

ಇಳಿತದಹೊತ್ತು ಬರೆದದ್ದು:

ಎರಡೂ ದಾರಿಗೆ ಬೇಕಾದ್ದು: ಆರ್ ತಂತ್ರಾಂಶದಲ್ಲಿ ಲಾಗ್ ಲೆಕ್ಕ ಮಾಡಲು ಬರಬೇಕು, ಉಬ್ಬರವಿಳಿತದ ಪಟ್ಟಿ ಓದಲು ಬರಬೇಕು, ಈಜು ಬರಬೇಕು. ಮೂರನೆಯದನ್ನು ಸಂದರ್ಶನದಲ್ಲಿ ಕೇಳುವುದಿಲ್ಲ. ಜೂನ್‌ನಲ್ಲಿ ಸೊಂಟದ ನೀರಿಗೆ ಒಬ್ಬರೇ ಇಳಿಯಲೂ ಬೇಡಿ, ದಡದಲ್ಲಿ ಹಗ್ಗ ಹಿಡಿದವರೊಬ್ಬರು ಇರಲಿ. ಅಲೆ ಜೋರಿದ್ದರೆ ಸ್ಯಾಂಪಲ್ ಬಿಟ್ಟು, ಪುಸ್ತಕದಲ್ಲಿ ಕಾರಣ ಬರೆದು ವಾಪಸ್ ಬನ್ನಿ.