ಹೊಸ ಬ್ಯಾಟರಿ ಹಾಕಿಸಿದರೂ ಚಾರ್ಜ್ ಸಾಲುತ್ತಿಲ್ಲ: ಡೈನಮೋ ಬದಲಿಸಬೇಕೇ?

ಪ್ರಶ್ನೆ (ವಿಜಯಪುರ):
ನನ್ನ 2012ರ ಡೀಸೆಲ್ ಕಾರಿಗೆ ಮೂರು ತಿಂಗಳ ಹಿಂದೆ ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಭಾರವಾಗಿ ತಿರುಗುತ್ತದೆ. ಕಳೆದ ವಾರ ರಾತ್ರಿ ಕೊಲ್ಹಾರದ ದಾರಿಯಲ್ಲಿ ಎಸಿ ಹಾಕಿದಾಗಲೆಲ್ಲ ಹೆಡ್‌ಲೈಟು ಮಂಕಾಗುತ್ತಿತ್ತು. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.1 ವೋಲ್ಟ್, ಹೆಡ್‌ಲೈಟು ಹಾಕಿ ಎಂಜಿನ್ ಓಡಿಸಿದಾಗ 13.1 ವೋಲ್ಟ್ ಬರುತ್ತಿದೆ. ಎಲೆಕ್ಟ್ರಿಷಿಯನ್ ಒಬ್ಬರು ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್) ಬದಲಿಸಲೇಬೇಕು ಎನ್ನುತ್ತಾರೆ. ತಂದೆಯವರನ್ನು ಆಗಾಗ ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುವುದರಿಂದ ದಾರಿಯಲ್ಲಿ ಗಾಡಿ ನಿಲ್ಲಬಾರದು. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ಬೆಳಗಾವಿ):
ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ನಿಮ್ಮದು ಹೆಚ್ಚುಕಡಿಮೆ ಅರ್ಧ ಖಾಲಿಯಾಗಿದೆ. ಎಂಜಿನ್ ಓಡುವಾಗ ನಿಮ್ಮಂಥ ಗಾಡಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಮೊದಲು ಬೆಲ್ಟ್ ಸಡಿಲವಾಗಿದೆಯೇ ನೋಡಿ. ಬಳಿಕ ಮೀಟರನ್ನು ಎಸಿ ವೋಲ್ಟಿಗೆ (ಇದು ಹವಾನಿಯಂತ್ರಣದ ಎಸಿ ಅಲ್ಲ, ಪರ್ಯಾಯ ವಿದ್ಯುತ್) ತಿರುಗಿಸಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಮೇಲೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡೈನಮೋದೊಳಗೆ ಎಸಿ ಕರೆಂಟನ್ನು ಡಿಸಿಗೆ ಬದಲಿಸುವ ಡಯೋಡ್ ಕೆಟ್ಟಿರುವ ಸಂಭವ ಹೆಚ್ಚು. ಒಂದು ವಿನಂತಿ: ಡೈನಮೋ ಪರೀಕ್ಷೆಯೆಂದು ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಳಚಲು ಯಾರಿಗೂ ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಏಕಾಏಕಿ ಏರಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು.

ಉತ್ತರ 2 (ಬಾಗಲಕೋಟೆ):
ಸರ್, ಡೈನಮೋಗೆ ಕೈ ಹಚ್ಚುವ ಮೊದಲು ನೀವು ಬರೆದ ಎರಡು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿ. ಸೆಲ್ಫ್ ಭಾರವಾಗಿರುವುದಕ್ಕೆ ಬ್ಯಾಟರಿ ಇಳಿದಿರುವುದೂ ಕಾರಣವಿರಬಹುದು. ಆದರೆ ಸೆಲ್ಫ್ ಮೋಟರಿನ ಕರೆಂಟೂ ಡೈನಮೋದ ಕರೆಂಟೂ ಬ್ಯಾಟರಿಗೆ ಮರಳುವುದು ಎಂಜಿನ್ನಿನ ಅರ್ಥಿಂಗ್ ವೈರಿನ (ಎಂಜಿನ್ನಿನ ಮೈಯನ್ನು ಬ್ಯಾಟರಿಯ ಮೈನಸ್‌ ಕಡೆಗೆ ಜೋಡಿಸುವ ದಪ್ಪ ವೈರು) ಮೂಲಕವೇ ಆದ್ದರಿಂದ, ಅದರಲ್ಲಿ ತಡೆಯಿದ್ದರೆ ಎರಡೂ ಕಡೆ ಇದೇ ತೊಂದರೆ ಕಾಣುತ್ತದೆ. ಎಂಜಿನ್ ಓಡಿಸಿ, ಹೆಡ್‌ಲೈಟು ಮತ್ತು ಎಸಿ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಡೈನಮೋದ ಮೈಗೂ ತಾಗಿಸಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಇರಬಾರದು. ಪ್ಲಸ್ ಕಡೆಯೂ ಹಾಗೆಯೇ, ಬ್ಯಾಟರಿಯ ಪ್ಲಸ್ ಕಂಬಕ್ಕೂ ಡೈನಮೋದಿಂದ ಕರೆಂಟ್ ಹೊರಬರುವ ದಪ್ಪ ವೈರಿನ ಬೋಲ್ಟಿಗೂ ನಡುವೆ ಅಳೆಯಿರಿ. ಕೈ, ಬಟ್ಟೆ ಬೆಲ್ಟಿಗೆ ಸಿಕ್ಕದಂತೆ ಎಚ್ಚರವಿರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎಸಿ ವೋಲ್ಟ್ ಅತ್ಯಲ್ಪ, ಬೆಲ್ಟ್ ಸರಿಯಿದೆ. ಪ್ಲಸ್ ಕಡೆ 0.2, ಮೈನಸ್ ಕಡೆ 0.9 ವೋಲ್ಟ್ ಬಂತು. ಅಂದರೆ ಡೈನಮೋ 14.2 ವೋಲ್ಟ್ (ಬ್ಯಾಟರಿಯಲ್ಲಿ ಬಂದ 13.1ಕ್ಕೆ ಈ 0.2, 0.9 ಸೇರಿಸಿ) ಕೊಡುತ್ತಲೇ ಇತ್ತು, ಬ್ಯಾಟರಿಗೆ ಮುಟ್ಟುತ್ತಿರಲಿಲ್ಲ. ಅರ್ಥಿಂಗ್ ವೈರನ್ನು ಎಂಜಿನ್ನಿಗೆ ಬಿಗಿದ ಬೋಲ್ಟಿನ ಕೆಳಗೆ ಹಸಿರು ಕಿಲುಬು ಕಟ್ಟಿ, ವೈರಿನ ಎಳೆಗಳು ಅರ್ಧ ತುಂಡಾಗಿದ್ದವು. ಹೊಸ ವೈರು ಹಾಕಿಸಿ, ತುಕ್ಕು ಉಜ್ಜಿಸಿದ ಮೇಲೆ ಹೆಡ್‌ಲೈಟು, ಎಸಿ ಎರಡೂ ಹಾಕಿದರೂ ಬ್ಯಾಟರಿಯಲ್ಲಿ 14 ವೋಲ್ಟ್ ನಿಲ್ಲುತ್ತಿದೆ.

ಉತ್ತರ 2 (ಬಾಗಲಕೋಟೆ):
ಬಹಳ ಸಂತೋಷವಾಯಿತು. ಮೂರು ತಿಂಗಳು ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯನ್ನು ಒಂದು ರಾತ್ರಿ ಹೊರಗಿನ ಚಾರ್ಜರಿಗೆ ಹಾಕಿಸಿ, ಮರುದಿನ ಕೆಲವು ಗಂಟೆ ಬಿಟ್ಟು ಅಳೆಯಿರಿ. ಆಗಲೂ 12.4 ದಾಟದಿದ್ದರೆ, ತಂದೆಯವರನ್ನು ಕರೆದುಕೊಂಡು ಹೊರಡುವ ಮೊದಲೇ ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ ತೋರಿಸಿ.